ಅವ್ವನ ಟೊಂಕಬ್ಯಾನಿ ವರ್ಷಗಟ್ಲೆ ಆತು ಹೋಗವಲ್ದು: ಆಪರೇಷನ್ನೋ, ಇಂಜೆಕ್ಷನ್ನೋ, ವ್ಯಾಯಾಮನೋ?

ಬೆಟಗೇರಿ_ಮಗ್ಗ (ಗದಗ)

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಬೆಟಗೇರಿ, ಮನ್ಯಾಗ ಕೈಮಗ್ಗ ಐತಿ. ನಮ್ಮವ್ವಗ ಈಗ 56 ವಯಸ್ಸು, ಲಗ್ನಾಗಿ ಬಂದಾಗಿಂದ ಕುಣಿಮಗ್ಗದಾಗ ಕಾಲ ಇಳಿಬಿಟ್ಟು ಕುಂತು ನೇಯ್ಕೊಂತ ಬಂದಾಳ. ಟೊಂಕಬ್ಯಾನಿ ಮೊದ್ಲ ಸಂಜಿಮುಂದ ಅಷ್ಟ ಇರ್ತಿತ್ತು, ರಾತ್ರಿ ಮಲಗಿ ಎದ್ರ ಹಗರ ಆಗ್ತಿತ್ತು. ಈಗ ಹಂಗಿಲ್ಲ, ಮುಂಜಾನೆ ಎದ್ದ ಕೂಡ್ಲೇ ಚಾಲೂ, ಎಡಗಾಲಿನ ತೊಡಿತನಕ ಇಳಿತೈತಿ, ಕೆಲವೊಂದು ದಿನ ಬೆನ್ನಮ್ಯಾಲೆ ಹಗರ್ಕ ಕೈ ಇಟ್ರೂ ಮುಟ್ಟಬ್ಯಾಡ ಅಂತಾಳ.

ಎಂಆರ್‌ಐ ಮಾಡ್ಸಿವಿ. ಎಲ್4-ಎಲ್5 ಡಿಸ್ಕ್ ಬಲ್ಜ್, ಡೀಜನರೇಟಿವ್ ಚೇಂಜಸ್ ಅಂತ ಬರದಾರ, ಅಂದ್ರ ಟೊಂಕದಾಗ ಎರಡು ಮಣಿ ನಡುವಿನ ಮೆತ್ತಿ ಉಬ್ಬೇತಿ, ಸವದೈತಿ ಅಂತ. ಒಬ್ರು ಡಾಕ್ಟರ್ ಆಪರೇಷನ್ ವಿಚಾರ ಮಾಡ್ರಿ ಅಂದ್ರು, ಇನ್ನೊಬ್ರು ಬೆನ್ನಾಗ ಇಂಜೆಕ್ಷನ್ ಹಾಕಿದ್ರ ಆಗ್ತೈತಿ ಅಂದ್ರು, ಮತ್ತೊಬ್ರು ಬೆಲ್ಟ್ ಕಟ್ಕೊಂಡು ರೆಸ್ಟ್ ತಗೋರಿ, ಬಗ್ಗಬ್ಯಾಡ್ರಿ, ಎಲುಬು ಸವದಾವ ಅಂದ್ರು. ಎಲುಬು ಸವದಾವ ಅನ್ನೂದು ಕೇಳಿದಾಗಿಂದ ಆಕಿ ಕೊಡ ಎತ್ತೂದು ಬಿಟ್ಲು, ಮಗ್ಗ ಬಿಟ್ಲು, ಈಗ ಲಗ್ನ ಮುಂಜಿವಿಗೆ ಹೋಗೂದೂ ಬಿಟ್ಟಾಳ. ಮೆಡಿಕಲ್ ಶಾಪಿನ ಬ್ಯಾನಿ ಗುಳಿಗಿ ನಡದೈತಿ, ಬಿಪಿ ಗುಳಿಗಿನೂ ಐತಿ. ನಿದ್ದಿ ಇಲ್ಲ.

ಬೀಗರೊಬ್ರು "ಇದೆಲ್ಲಾ ಮನಸಿನ ಬ್ಯಾನಿ, ಸೊಸಿ ಬಂದಮ್ಯಾಲೆ ಚಾಲೂ ಆಗೇತಿ" ಅಂತ ಆಕಿ ಮುಂದನ ಅಂದ್ರು. ಅವತ್ತ ಆಕಿ ಅತ್ತದ್ದು ನನಗ ಮರಿಯಾಕ ಆಗವಲ್ದು. ಇಷ್ಟು ದಿನ ಇರೂ ಬ್ಯಾನಿ ಬಗ್ಗೆ ಸಂಶೋಧನೆ ಏನು ಹೇಳ್ತೈತಿ, ಈಗ ಡಾಕ್ಟರ್ ಮಂದಿ ಖರೇನ ಏನು ಮಾಡ್ತಾರ, ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ. ಹುಬ್ಬಳ್ಳಿತನಕ ಕರ್ಕೊಂಡು ಬರಾಕ ನಾ ತಯಾರ್ ಅದೀನಿ.

ಉಣಕಲ್_ಫಿಜಿಯೋ (ಹುಬ್ಬಳ್ಳಿ)

ಅಣ್ಣಾರ, ಮೊದ್ಲ ಒಂದು ಮಾತು ಕೇಳ್ತೀನಿ, ಅದಕ್ಕ ಉತ್ತರ ಹೇಳಿದಮ್ಯಾಲೆ ಮುಂದಿನ ಮಾತು. ಅವ್ವಗ ಒಂದಕ್ಕ ಎರಡಕ್ಕ ಹಿಡಿತ ತಪ್ಪೇತೇನು? ಕುಂಡಿ ಭಾಗ, ತೊಡಿ ಸಂದಿ ಜೋಮು ಹಿಡದೇತೇನು? ಪಾದ ಎತ್ತಾಕ ಆಗದಷ್ಟು ಕಾಲು ಸೋಲಾಕ್ಹತ್ತೇತೇನು? ಹಂಗಿದ್ರ ಇಲ್ಲಿ ಓದ್ಕೊಂತ ಕುಂಡ್ರಬ್ಯಾಡ್ರಿ, ಇವತ್ತ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗ್ರಿ. ಸಂಜಿಮುಂದ ಜ್ವರ ಬರೂದು, ತೂಕ ಇಳಿಯೂದು, ರಾತ್ರಿ ಮಲಗಿದಾಗನ ಜಾಸ್ತಿ ನೋಯೂದು ಇದ್ರೂ ಹೇಳ್ರಿ, ನಮ್ಮ ಕಡೆ ಬೆನ್ನೆಲುಬಿನ ಟಿಬಿ ಇನ್ನೂ ಐತಿ, ಅದನ್ನ ಬಿಡಂಗಿಲ್ಲ. ಮೊದಲ ಕ್ಯಾನ್ಸರ್ ಆಗಿದ್ರ ಅದೂ ಹೇಳ್ಬೇಕು.

ಇವು ಯಾವೂ ಇಲ್ಲ ಅಂದ್ರ ಎಂಆರ್‌ಐ ಕಾಗದ ನೋಡಿ ಅಷ್ಟು ಹೆದ್ರಬ್ಯಾಡ್ರಿ. 2015ರಾಗ ಒಂದು ದೊಡ್ಡ ವಿಶ್ಲೇಷಣೆ ಬಂತು, 33 ಅಧ್ಯಯನ ಕೂಡ್ಸಿ, ಬೆನ್ನು ನೋವು ಇಲ್ಲದ 3110 ಮಂದಿ ಸ್ಕ್ಯಾನ್ ನೋಡಿದ್ರು. ಗಮನಿಸ್ರಿ, ಇವರಿಗೆ ನೋವು ಇದ್ದಿದ್ದಿಲ್ಲ. 50 ವಯಸ್ಸಿನವರಾಗ 80 ಪರ್ಸೆಂಟ್ ಮಂದಿಗೆ ಡಿಸ್ಕ್ ಸವದಿತ್ತು, 60 ಪರ್ಸೆಂಟ್ ಮಂದಿಗೆ ಬಲ್ಜ್ ಇತ್ತು. 20 ವಯಸ್ಸಿನ ಹುಡುಗ್ರಾಗೂ 30 ಪರ್ಸೆಂಟ್ ಬಲ್ಜ್. ಅಂದ್ರ ನಿಮ್ಮವ್ವನ ವಯಸ್ಸಿನಾಗ ಇದು ತಲಿಕೂದಲ ಬೆಳ್ಳಗ ಆಗೂದರಷ್ಟ ಸಹಜ. ಬಲ್ಜ್ ಐತಿ ಅನ್ನೂದೂ ಖರೆ, ಬ್ಯಾನಿ ಐತಿ ಅನ್ನೂದೂ ಖರೆ, ಇದರಿಂದನ ಅದು ಬಂದೈತಿ ಅಂತ ಆ ಕಾಗದ ಒಂದ ನೋಡಿ ಯಾರೂ ಹೇಳಾಕ ಬರಂಗಿಲ್ಲ.

ಎಲುಬು ಸವದಾವ ಅನ್ನೂ ಮಾತು ಪೇಶಂಟ್ ಮುಂದ ಆಡಬಾರದು ಅಂತ ನನಗ ಭಾಳ ಅನಸ್ತೈತಿ. ನನ್ನ ಹತ್ರ ಬರೋ ಎಷ್ಟೋ ಹೆಣ್ಮಕ್ಕಳು ಬ್ಯಾನಿಕಿಂತ ಆ ಮಾತಿಗೆ ಹೆದರಿ ಬಗ್ಗೂದು ಬಿಟ್ಟಿರ್ತಾರ, ಬಗ್ಗೂದು ಬಿಟ್ಟ ಕೂಡ್ಲೇ ಬೆನ್ನಿನ ಕಸುವು ಹೋಗ್ತೈತಿ, ಕಸುವು ಹೋದಮ್ಯಾಲೆ ಸಣ್ಣ ಕೆಲ್ಸಕ್ಕೂ ನೋಯ್ತೈತಿ, ಆಮ್ಯಾಲೆ ನೋಡ್ರಿ ಎಲುಬು ಸವದದ್ದು ಖರೇನ ಅಂತಾರ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಾಗ ಹಳೇ ಟೊಂಕನೋವಿಗಂತನ ಮೊದಲ ಸಲ ಮಾರ್ಗಸೂಚಿ ಹೊರಡಸ್ತು. ನೋವಿನ ಬಗ್ಗೆ ತಿಳಿಸಿ ಹೇಳೂದು, ವ್ಯಾಯಾಮ, ಮಸಾಜು, ಮನಸಿನ ಚಿಕಿತ್ಸೆ ಇವಕ್ಕ ಹೂಂ ಅಂದಾರ. ಬೆಲ್ಟು, ಬೆನ್ನು ಜಗ್ಗೂ ಟ್ರಾಕ್ಷನ್, ಅಲ್ಟ್ರಾಸೌಂಡ್ ಶೇಕ, ಅಫೀಮಿನ ಜಾತಿ ಗುಳಿಗಿ ಇವು ಬ್ಯಾಡ ಅಂದಾರ. ನಮ್ಮ ಫಿಜಿಯೋ ಸೆಂಟರ್‌ಗಳಾಗ ಇನ್ನೂ ಟ್ರಾಕ್ಷನ್ ಮಷೀನ್ ದಿನಾ ಓಡ್ತಾವ, ಮಂದಿನೂ ಮಷೀನ್ ಹಚ್ಚಿದ್ರ ಅಷ್ಟ ಟ್ರೀಟ್‌ಮೆಂಟ್ ಕೊಟ್ರು ಅಂತಾರ. ನಾ ಅವ್ವಂದಿರಿಗೆ ಮೊದ್ಲ ನಡಸ್ತೀನಿ.

ನಡಿಗಿ ಅಂದ್ರ ಹಗರ ಮಾಡಬ್ಯಾಡ್ರಿ. 2024ರಾಗ ಆಸ್ಟ್ರೇಲಿಯಾದಾಗ 701 ಮಂದಿ ಮ್ಯಾಲೆ ಒಂದು ಟ್ರಯಲ್ ಆತು, ಟೊಂಕನೋವು ಬಂದು ಆಗಷ್ಟ ಆರಾಮ ಆದವ್ರು. ಒಂದು ಗುಂಪಿಗೆ ಫಿಜಿಯೋ ಸಲಹೆ ಕೊಟ್ಟು ಸಾವಕಾಶ ನಡಿಗಿ ಹೆಚ್ಚಿಸ್ಕೊಂತ ಹೋದ್ರು, ಇನ್ನೊಂದು ಗುಂಪಿಗೆ ಏನೂ ಇಲ್ಲ. ನಡದವರಿಗೆ ನೋವು ತಿರುಗಿ ಬರಾಕ ನಡುಮಧ್ಯ ಲೆಕ್ಕದಾಗ 208 ದಿನ ಹಿಡೀತು, ನಡೀದವರಿಗೆ 112. ನಿಮ್ಮವ್ವಗ ಇನ್ನೂ ನೋವು ಐತಿ, ಆದ್ದರಿಂದ ಆ ಲೆಕ್ಕ ಅಕಿಗೆ ನೇರ ಕೂಡಂಗಿಲ್ಲ, ಆದ್ರ ನಡದ್ರ ಬೆನ್ನು ಕೆಡತೈತಿ ಅನ್ನೂ ಹೆದರಿಕಿ ಬಿಡಾಕ ಇಷ್ಟು ಸಾಕು. ಭೀಷ್ಮ ಕೆರಿ ದಂಡಿಗೆ ಮುಂಜಾನೆ ಕರ್ಕೊಂಡು ಹೋಗ್ರಿ, ಐದು ನಿಮಿಷದಿಂದ ಶುರು ಮಾಡ್ರಿ.

ಔಷಧಿ_ಕಟ್ಟಿ (ಹಾವೇರಿ)

ನಾ ಫಾರ್ಮಸಿಸ್ಟ್. ಫಿಜಿಯೋ ಅಕ್ಕಾರು ಹೇಳಿದ್ದು ಸರಿ ಐತಿ, ನನ್ನ ಚಿಂತಿ ಬ್ಯಾರೆ. ಬಿಪಿ ಗುಳಿಗಿ ಜತಿ ದಿನಾ ಬ್ಯಾನಿ ಗುಳಿಗಿ ಅಂದ್ರೆಲ್ಲ, ಆ ಬಿಪಿ ಸ್ಟ್ರಿಪ್ ಮ್ಯಾಲೆ ಏನು ಬರದೈತಿ ನೋಡ್ರಿ. ಟೆಲ್ಮಿಸಾರ್ಟನ್ ಇಲ್ಲಾ ಲೋಸಾರ್ಟನ್ ಇದ್ದು ಅದರ ಹೆಸರಿನ ಮುಂದ ಎಚ್ ಅಂತ ಇದ್ರ ಮೂತ್ರ ಹೆಚ್ಚ ಮಾಡೂ ಔಷಧನೂ ಅದರಾಗ ಕೂಡೇತಿ ಅಂತ ಅರ್ಥ. ಇವೆರಡರ ಜತಿ ಡೈಕ್ಲೋಫಿನ್ಯಾಕ್, ಏಸಿಕ್ಲೋಫಿನ್ಯಾಕ್ ಥರದ ಗುಳಿಗಿ ಸೇರಿದ್ರ ಮೂರೂ ಕೂಡಿ ಕಿಡ್ನಿ ಮ್ಯಾಲೆ ಬೀಳ್ತಾವ, ಅದರಾಗೂ ಬ್ಯಾಸಗ್ಯಾಗ ನೀರು ಕಮ್ಮಿ ಕುಡದಾಗ, ವಾಂತಿ ಭೇದಿ ಆದಾಗ. ಬ್ಯಾನಿ ಗುಳಿಗಿ ಬಿಪಿನೂ ಏರಸ್ತಾವ, ಹೊಟ್ಟಿ ಹುಣ್ಣೂ ಮಾಡ್ತಾವ. ಕಿಡ್ನಿ ಹೆಂಗೈತಿ ಅಂತ ತಿಳಿಯಾಕ ಈ ವಾರದಾಗನ ರಕ್ತದಾಗ ಕ್ರಿಯಾಟಿನಿನ್, ಪೊಟ್ಯಾಷಿಯಂ ನೋಡಸ್ರಿ. ಬಿಪಿ ಗುಳಿಗಿ ಮಾತ್ರ ನೀವಾಗೇ ನಿಲ್ಲಸಬ್ಯಾಡ್ರಿ.

ಇನ್ನೊಂದು. ಹಳ್ಳಿ ಕಡೆ ಕೆಲವರು ಕಾಗದದ ಪುಡಿಕ್ಯಾಗ ಮೂರ್ನಾಕು ಬಿಡಿ ಗುಳಿಗಿ ಕಟ್ಟಿ ಕೊಡ್ತಾರ, ಎರಡು ದಿನದಾಗ ಆಕಾಶಕ್ಕ ಹಾರಿದಂಗ ಆರಾಮ ಆಗ್ತೈತಿ. ಅದರಾಗ ಭಾಳ ಸಲ ಸ್ಟೀರಾಯ್ಡ್ ಇರ್ತೈತಿ. ತಿಂಗಳಗಟ್ಲೆ ತಗೊಂಡ್ರ ಮುಖ ಊದ್ತೈತಿ, ಶುಗರ್ ಏರ್ತೈತಿ, ಎಲುಬು ಆಗ ಖರೇನ ತೆಳ್ಳಗ ಆಗ್ತಾವ. ಬ್ಯಾಡಗಿ ಮಾರ್ಕೆಟ್‌ನಾಗ ಮೆಣಸಿನಕಾಯಿ ತೊಟ್ಟು ಬಿಡಸೂ ಹೆಣ್ಮಕ್ಕಳು ದಿನಗೂಲಿ ತಪ್ಪಬಾರದು ಅಂತ ಇಂಥಾ ಪುಡಿಕಿ ನುಂಗಿ ಕೆಲ್ಸಕ್ಕ ಕುಂಡ್ರೂದು ನೋಡಿದ್ರ ಹೊಟ್ಟಿ ಉರಿತೈತಿ. ಅವ್ವ ಅಂಥಾದ್ದು ಭಾಳ ದಿನ ತಗೊಂಡಿದ್ರ ಒಮ್ಮೆಲೇ ಬಿಡಸಬ್ಯಾಡ್ರಿ, ಡಾಕ್ಟರ್‌ಗೆ ಪುಡಿಕಿ ತೋರಸಿ ಹಂತ ಹಂತವಾಗಿ ಇಳಸಬೇಕು, ಯಾಕಂದ್ರ ಮೈಯಾಗ ತಾನ ತಯಾರಾಗೂ ಸ್ಟೀರಾಯ್ಡ್ ಅಷ್ಟೊತ್ತಿಗೆ ಮಲಗಿಬಿಟ್ಟಿರ್ತೈತಿ.

ಪೇನ್_ಪಿಜಿ (ಹುಬ್ಬಳ್ಳಿ)

ನಾ ಅನಸ್ತೇಶಿಯಾ ಪಿಜಿ ಮಾಡಾಕ್ಹತ್ತೇನಿ. ದೊಡ್ಡ ಮೆಡಿಕಲ್ ಕಾಲೇಜಿನಾಗ ಪೇನ್ ಕ್ಲಿನಿಕ್ ಅನ್ನೂದು ಸಾಮಾನ್ಯವಾಗಿ ನಮ್ಮ ವಿಭಾಗದ ಕೈಯಾಗನ ಇರ್ತೈತಿ, ಅದು ಭಾಳ ಮಂದಿಗೆ ಗೊತ್ತಿಲ್ಲ, ಎಲುಬಿನ ಡಾಕ್ಟರ್ ಹತ್ರನ ತಿರಗ್ತಾರ.

"ಬೆನ್ನಮ್ಯಾಲೆ ಕೈ ಇಟ್ರೂ ಮುಟ್ಟಬ್ಯಾಡ ಅಂತಾಳ" ಅಂತ ಬರದೀರೆಲ್ಲ, ಆ ಸಾಲು ನನಗ ಮುಖ್ಯ ಅನಸ್ತು. ಮೂರು ತಿಂಗಳ ಮ್ಯಾಲೆ ಇದ್ದ ಅಥವಾ ಮತ್ತ ಮತ್ತ ಬರೂ ನೋವಿಗೆ ಹಳೇ ನೋವು, ಕ್ರಾನಿಕ್ ಪೇನ್ ಅಂತಾರ. ಇಷ್ಟೊತ್ತಿಗೆ ಗಾಯ ಆಗಿದ್ರೂ ಭಾಳಷ್ಟು ಮಾದಿರ್ತೈತಿ. ಆದ್ರ ನೋವಿನ ಸುದ್ದಿ ಒಯ್ಯೂ ನರಗಳು, ಬೆನ್ನುಹುರಿ, ಮಿದುಳು ಇವು ಸೂಕ್ಷ್ಮ ಆಗಿಬಿಟ್ಟಿರ್ತಾವ. ಒಂದ ಸಲ ಕಳ್ಳನ್ನ ಕಂಡ ನಾಯಿ ಆಮ್ಯಾಲೆ ಎಲಿ ಅಲುಗಾಡಿದ್ರೂ ಬೊಗಳ್ತೈತೆಲ್ಲ, ಹಂಗ. ನಾಯಿ ಸುಳ್ಳು ಬೊಗಳೂದಿಲ್ಲ, ಅದಕ್ಕ ಖರೇನ ಹೆದರಿಕಿ ಐತಿ. 1965ರಾಗ ಮೆಲ್ಜಾಕ್ ಮತ್ತ ವಾಲ್ ಅನ್ನೂ ಇಬ್ರು ಬೆನ್ನುಹುರಿಯಾಗ ನೋವಿನ ಸುದ್ದಿ ಏರಸೂ ಇಳಸೂ ಬಾಗಲ ಐತಿ ಅಂತ ಸಿದ್ಧಾಂತ ಕೊಟ್ರು. ಮೊಣಕಾಲಿಗೆ ಪೆಟ್ಟು ಹತ್ತಿದ ಕೂಡ್ಲೇ ನಾವು ತಿಕ್ಕೊಂತೀವೆಲ್ಲ, ತಿಕ್ಕಿದ್ರ ಯಾಕ ಹಗರ ಆಗ್ತೈತಿ ಅನ್ನೂದಕ್ಕ ಅದು ಉತ್ತರ. 1983ರಾಗ ಕ್ಲಿಫರ್ಡ್ ವೂಲ್ಫ್ ಅವ್ರು ಗಾಯ ಆದಮ್ಯಾಲೆ ಬೆನ್ನುಹುರಿ ತಾನ ಜಾಸ್ತಿ ಚುರುಕ ಆಗ್ತೈತಿ ಅಂತ ಇಲಿಗಳ ಮ್ಯಾಲೆ ತೋರಸಿದ್ರು. ಈಗಿನ ವಿಚಾರ ಎಲ್ಲಾ ಭಾಳಷ್ಟು ಈ ತಳದ ಮ್ಯಾಲೆ ನಿಂತೈತಿ.

ಬೀಗರಿಗೆ ಇದನ್ನೂ ಹೇಳ್ರಿ. ನೋವಿನ ಅಂತರರಾಷ್ಟ್ರೀಯ ಸಂಘದವ್ರು 2020ರಾಗ ನೋವಿನ ವ್ಯಾಖ್ಯೆ ತಿದ್ದಿ ಬರದಾಗ ಅದರ ಜತಿ ಒಂದು ಟಿಪ್ಪಣಿ ಹಾಕ್ಯಾರ: ಮನುಷ್ಯ ನನಗ ನೋವು ಐತಿ ಅಂದ್ರ ಆ ಮಾತಿಗೆ ಗೌರವ ಕೊಡಬೇಕು. 2022ರಿಂದ ಜಾರಿ ಆದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ರೋಗಪಟ್ಟಿಯಾಗ ಹಳೇ ನೋವಿಗೆ ತನ್ನದ ಆದ ಜಾಗಾ ಕೊಟ್ಟಾರ. ಇದು ರೋಗ, ನಾಟಕ ಅಲ್ಲ.

ಔಷಧದ ಮಾತು. ನೋವು ಯಾವ ಜಾತಿದು ಅನ್ನೂದರ ಮ್ಯಾಲೆ ಔಷಧ ಬದ್ಲಿ ಆಗ್ತೈತಿ. ಶುಗರ್‌ನಿಂದ ಪಾದ ಉರಿ ಇದ್ರ ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಮೂರೂ ಹೆಚ್ಚುಕಮ್ಮಿ ಒಂದ ಥರ ಕೆಲಸ ಮಾಡ್ತಾವ, ಒಂದರಿಂದ ಸಾಲದಿದ್ರ ಇನ್ನೊಂದು ಕೂಡಸಬಹುದು ಅಂತ 2022ರ ಬ್ರಿಟನ್ ಟ್ರಯಲ್ ತೋರಸ್ತು. ಆದ್ರ ಟೊಂಕದಿಂದ ಕಾಲಿಗೆ ಇಳಿಯೂ ಸಯಾಟಿಕಾಗೆ ಪ್ರಿಗ್ಯಾಬಲಿನ್ ಕೊಟ್ಟು 2017ರಾಗ ನೋಡಿದ್ರು, ಡಮ್ಮಿ ಗುಳಿಗಿಗಿಂತ ಮೇಲಾಗಲಿಲ್ಲ, ತಲಿ ತಿರುಗೂದು ಮಾತ್ರ ಜಾಸ್ತಿ ಆತು. ಆದ್ರೂ ನಮ್ಮಲ್ಲಿ ಟೊಂಕನೋವು ಅಂದ ಕೂಡ್ಲೇ ಅದನ್ನ ಬರೀತಾರ. ಅವ್ವಗ ಆಗಲೇ ನಡದಿದ್ರ ಒಮ್ಮೆಲೇ ನಿಲ್ಲಸಬ್ಯಾಡ್ರಿ. ನಿದ್ದಿ ಇಲ್ಲ, ಮುಟ್ಟಿದ್ರೂ ನೋವು ಅನ್ನೂವರಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಡೂದುಂಟು, ಬಾಯಿ ಒಣಗ್ತೈತಿ, ಮಲಬದ್ಧತೆ ಆಗ್ತೈತಿ, ಹಾರ್ಟ್ ತೊಂದ್ರಿ ಇಲ್ಲಾ ಗ್ಲಾಕೋಮಾ (ಕಣ್ಣಿನ ಒತ್ತಡದ ರೋಗ) ಇದ್ರ ಕೊಡೂ ಮುಂಚೆ ವಿಚಾರ ಮಾಡ್ಬೇಕು. ನೋಡಿ ಕೊಡೂ ಔಷಧ ಅದು, ಇಲ್ಲಿ ಓದಿ ತಗೊಳ್ಳೂದಲ್ಲ.

ಟ್ರಮಡಾಲ್, ಟ್ಯಾಪೆಂಟಡಾಲ್ ಅನ್ನೂ ಅಫೀಮಿನ ಜಾತಿ ಗುಳಿಗಿ ಬಗ್ಗೆ ಕೇಳೂವರು ಇರ್ತಾರ ಅಂತ ಹೇಳ್ತೀನಿ. 2018ರಾಗ ಅಮೆರಿಕಾದಾಗ ಬೆನ್ನು, ಮೊಣಕಾಲು ನೋವಿನ 240 ಮಂದಿಗೆ ಒಂದು ವರ್ಷ ನೋಡಿದ್ರು, ಅಫೀಮಿನ ಜಾತಿ ಔಷಧದವ್ರು ಬ್ಯಾರೆ ಔಷಧದವರಿಗಿಂತ ಹೆಚ್ಚು ಓಡಾಡಲಿಲ್ಲ, ನೋವೂ ಅವರಿಗೆ ಸ್ವಲ್ಪ ಜಾಸ್ತಿನ ಉಳೀತು. ಕ್ಯಾನ್ಸರ್ ನೋವಿನ ಮಾತು ಪೂರಾ ಬ್ಯಾರೆ, ಅಲ್ಲಿ ಮಾರ್ಫಿನ್ ಬೇಕ ಬೇಕು, ಅದನ್ನ ಇದಕ್ಕ ಕೂಡಸಿ ಯಾರೂ ಹೆದರಬ್ಯಾಡ್ರಿ.

ಇಂಜೆಕ್ಷನ್: 2025ರ ಫೆಬ್ರುವರಿಯಾಗ ಬಿಎಂಜೆ ಪತ್ರಿಕೆಯಾಗ ಬಂದ ಮಾರ್ಗಸೂಚಿ, ಹಳೇ ಬೆನ್ನುನೋವಿಗೆ ಬೆನ್ನುಹುರಿ ಸುತ್ತ ಹಾಕೂ ಎಪಿಡ್ಯೂರಲ್ ಸ್ಟೀರಾಯ್ಡ್ ಇಂಜೆಕ್ಷನ್, ನರ ಸುಡೂ ರೇಡಿಯೋಫ್ರೀಕ್ವೆನ್ಸಿ ಇವನ್ನ ಮಾಮೂಲಾಗಿ ಮಾಡಬ್ಯಾಡ್ರಿ ಅಂತ ಗಟ್ಟಿಯಾಗಿ ಹೇಳ್ತು. ನಮ್ಮ ವಿಭಾಗದವರಾಗ ಇದರ ಬಗ್ಗೆ ಜೋರ ವಾದ ಐತಿ.

ರಾಣೇಬೆನ್ನೂರ_ರೈತ (ಹಾವೇರಿ ಜಿಲ್ಲಾ)

ಡಾಕ್ಟ್ರ, ನನಗ ಕಾಲಿಗೆ ಕರೆಂಟ್ ಹೊಡದಂಗ ಆಗ್ತಿತ್ತು, ಟ್ರಾಕ್ಟರ್ ಮ್ಯಾಲೆ ಕುಂಡ್ರಾಕ ಆಗ್ತಿದ್ದಿಲ್ಲ, ಬೆನ್ನಾಗ ಇಂಜೆಕ್ಷನ್ ತಗೊಂಡಮ್ಯಾಲೆ ಬಿತ್ತಗಿ ಮುಗಸಿದೆ. ಹಂಗಿದ್ರ ಅದು ಬರೀ ಭ್ರಮಾ ಏನು? ಪೇಪರ್‌ನಾಗ ಬರದದ್ದ ಎಲ್ಲಾ ಖರೆ ಅಂದ್ರ ನಾವು ಅನುಭವಿಸಿದ್ದು ಏನು?

ಪೇನ್_ಪಿಜಿ

ಭ್ರಮಾ ಅಲ್ರೀ ಕಾಕಾ. ಡಿಸ್ಕ್ ಹೊರಗ ಬಂದು ನರಕ್ಕ ಒತ್ತಿ ಕಾಲಿಗೆ ಕರೆಂಟ್ ಹೊಡ್ಯಾಕ್ಹತ್ತಿದಾಗ ಆ ಇಂಜೆಕ್ಷನ್ ಕೆಲವು ವಾರ ಬಾವು ಇಳಸಿ ಹಗರ ಮಾಡಬಹುದು. ಅಷ್ಟರಾಗ ಮೈನೂ ತನ್ನ ಕೆಲಸ ಮಾಡ್ತಿರ್ತೈತಿ, ಹೊರಗ ಬಂದ ಡಿಸ್ಕ್ ಎಷ್ಟೋ ಮಂದಿಗೆ ತಾನ ಕರಗಿ ಸಣ್ಣದಾಗ್ತೈತಿ, ಪೂರಾ ತುಂಡಾಗಿ ಹೊರಗ ಬಂದದ್ದು ಇನ್ನೂ ಹೆಚ್ಚು ಕರಗ್ತೈತಿ. ಬಿತ್ತಗಿ ಟೈಮಿನಾಗ ನಿಮಗ ಆ ಕೆಲವು ವಾರ ಸಿಕ್ಕದ್ದು ದೊಡ್ಡ ಮಾತು. ಬೆಟಗೇರಿ ಅವ್ವಗ ನೋವು ವರ್ಷಗಟ್ಲೆದು, ಹೆಚ್ಚು ಟೊಂಕದಾಗನ ಐತಿ, ಕಾಲಿಂದು ತೊಡಿತನಕ ಅಷ್ಟ. ಅಂಥಲ್ಲಿ ಸೂಜಿಯಿಂದ ಸಿಗೂ ಲಾಭ ಕಮ್ಮಿ ಅಂತ ನನ್ನ ಅಭಿಪ್ರಾಯ. ಆಪರೇಷನ್ ಮಾತೂ ಹಂಗ, ಕಾಲು ಸೋಲೂದು ಇಲ್ಲಾ ನರ ಒತ್ತಿದ್ದು ಸ್ಪಷ್ಟ ಇದ್ರ ವಿಚಾರ ಮಾಡೂದು, ಬರೀ ಬಲ್ಜ್ ನೋಡಿ ಅಲ್ಲ.

ಸಾಧನಕೇರಿ_ಟೀಚರ್ (ಧಾರವಾಡ)

ತಮ್ಮಾ, ನಾನು ಹಳೇ ನೋವಿನಾಕಿ. ನನಗ ಕುತ್ತಿಗಿ, ಹೆಗಲು, ಬೆನ್ನು ಎಲ್ಲಾ ಕಡೆ ನೋವದ, ಫೈಬ್ರೋಮಯಾಲ್ಜಿಯಾ ಅಂತ ಹೆಸರು ಕೊಟ್ಟಾರ. ಬ್ಲಡ್ ಟೆಸ್ಟ್ ಎಲ್ಲಾ ನಾರ್ಮಲ್. ನಾರ್ಮಲ್ ಅಂತ ರಿಪೋರ್ಟ್ ಬಂದಾಗ ಮನಿಯವ್ರು ಖುಷಿ ಪಡ್ತಾರ, ನಮಗ ಆ ಹೊತ್ತಿನಾಗ ಎಷ್ಟು ಒಂಟಿ ಅನಸ್ತದ ಅಂತ ಅವ್ರಿಗೆ ತಿಳಿಯೂದಿಲ್ಲ. ನಿಮ್ಮವ್ವನ ಮಾತು ನಂಬಿ ನೀವಿಲ್ಲಿ ಕೇಳೀರಿ, ಅದೊಂದ ಆಕಿಗೆ ಅರ್ಧ ಆಸರ.

ಮನಸಿನ ಚಿಕಿತ್ಸೆ ಅಂದ ಕೂಡ್ಲೇ ನಮ್ಮ ಮಂದಿ ಹುಚ್ಚ ಅಂತ ತಿಳ್ಕೊಂತಾರ, ಅದಕ್ಕ ನಾ ಇಲ್ಲಿ ಬರಿಯಾಕ್ಹತ್ತೇನಿ. ನನಗ ನೋವಿಗಂತ ಕೌನ್ಸೆಲಿಂಗ್ ಮಾಡೂ ಸೈಕಾಲಜಿಸ್ಟ್ ಹತ್ರ ಹೋಗ್ರಿ ಅಂದಾಗ ಸಿಟ್ಟ ಬಂದಿತ್ತು. ಅಲ್ಲಿ ಅವರು ಮಾಡಿದ್ದೇನು, ಯಾವ ಯಾವ ಕೆಲಸಕ್ಕ ನಾ ಹೆದರ್ತೀನಿ ಅಂತ ಪಟ್ಟಿ ಮಾಡಿಸಿದ್ರು, ಎಲ್ಲಾಕ್ಕಿಂತ ಕಮ್ಮಿ ಹೆದರಿಕಿದು ಮೊದ್ಲ ಮಾಡಿಸಿದ್ರು, ಮಾಡುವಾಗ ಉಸಿರು ಬಿಗಿ ಹಿಡಿಯೂದು ಬಿಡಿಸಿದ್ರು. ಇದರಾಗ ಹುಚ್ಚು ಎಲ್ಲಿ ಬಂತು. ಇಂಥಾದ್ದಕ್ಕ ಸಂಶೋಧನೆನೂ ಅದ. ಅಮೆರಿಕಾದ ಕೊಲೊರಾಡೋದಾಗ 151 ಮಂದಿ ಬೆನ್ನುನೋವಿನವರನ್ನ ಮೂರು ಗುಂಪು ಮಾಡಿ, ಒಂದು ಗುಂಪಿಗೆ ನಾಕು ವಾರ ಮಾತಿನ ಚಿಕಿತ್ಸೆ ಕೊಟ್ಟು 2022ರಾಗ ಪ್ರಕಟ ಮಾಡಿದ್ರು, ನೋವು ಅಪಾಯದ ಸೂಚನೆ ಅಲ್ಲ, ನರಮಂಡಲದ ತಪ್ಪು ಎಚ್ಚರಿಕೆ ಅಂತ ಮನಸಿಗೆ ಕಲಿಸೂ ಚಿಕಿತ್ಸೆ ಅದು. ಮುಗಿದಾಗ ಆ ಗುಂಪಿನಾಗ 66 ಪರ್ಸೆಂಟ್ ಮಂದಿ ನೋವು ಇಲ್ಲ ಇಲ್ಲಾ ಇಲ್ಲದಷ್ಟ ಅಂದ್ರು, ಡಮ್ಮಿ ಇಂಜೆಕ್ಷನ್ ಗುಂಪಿನಾಗ 20, ಮಾಮೂಲಿ ಚಿಕಿತ್ಸೆಯವರಾಗ 10. ಒಂದು ಸಣ್ಣ ಟ್ರಯಲ್, ಅಲ್ಲಿಯವ್ರು ಓದಿದ ಮಂದಿ, ಎಲ್ಲಾರಿಗೂ ಹಂಗ ಆಗ್ತದಂತ ನಾ ಹೇಳಂಗಿಲ್ಲ, ನನಗ ನೋವು ಪೂರಾ ಹೋಗಿಲ್ಲ. ಆದ್ರ ಈಗ ನಾ ಸಾಲಿಗೆ ಹೋಗ್ತೀನಿ, ಸಂಜಿಮುಂದ ಕೆಲಗೇರಿ ಕೆರಿ ತನಕ ನಡೀತೀನಿ, ಮೊಮ್ಮಗನ್ನ ಎತ್ಕೊಂತೀನಿ.

ನಿದ್ದಿ ವಿಷಯ ಯಾರೂ ದೊಡ್ಡದು ಮಾಡಲಿಲ್ಲ, ನಾ ಮಾಡ್ತೀನಿ. ನಿದ್ದಿಗೆಟ್ಟ ಮರುದಿನ ನೋವು ಹೆಚ್ಚಾಗ್ತದ, ನೋವು ಹೆಚ್ಚಾದ ರಾತ್ರಿ ನಿದ್ದಿ ಬರೂದಿಲ್ಲ. ಅವ್ವ ಹಗಲೆಲ್ಲಾ ಹಾಸಿಗ್ಯಾಗ ಇರ್ತಾರೇನು ನೋಡ್ರಿ. ಹಗಲು ಮಲಗೂದು ಕಮ್ಮಿ ಮಾಡ್ರಿ, ಏಳೂ ಹೊತ್ತು ದಿನಾ ಒಂದ ಇಡ್ರಿ, ಸಂಜಿ ನಾಕರ ಮ್ಯಾಲೆ ಚಹಾ ಬ್ಯಾಡ. ಧಾರವಾಡದ ಡಿಮ್ಹಾನ್ಸ್ ಅನ್ನೂ ಮಾನಸಿಕ ಆರೋಗ್ಯ ಸಂಸ್ಥೆಯಾಗ ಮನೋವೈದ್ಯರು, ಸೈಕಾಲಜಿಸ್ಟ್ ಇದಾರ, ಅಲ್ಲಿ ಹೋಗೂದಕ್ಕ ನಾಚೂದು ಬ್ಯಾಡ.

ಬೆಟಗೇರಿ_ಮಗ್ಗ

ಇಷ್ಟು ಬರದೀರಿ, ಹೆಂಗ ಋಣ ತೀರಸ್ಲಿ. ಫಿಜಿಯೋ ಅಕ್ಕಾರ, ನೀವು ಕೇಳಿದ್ದೆಲ್ಲಾ ಅವ್ವನ್ನ ಕೂಡ್ರಿಸಿ ಕೇಳ್ದೆ. ಒಂದಕ್ಕ ಎರಡಕ್ಕ ಸರಿ ಐತಿ, ಜೋಮು ಇಲ್ಲ, ಕಾಲು ಸೋತಿಲ್ಲ, ಜ್ವರ ಇಲ್ಲ, ತೂಕ ಇಳದಿಲ್ಲ. ಔಷಧಿ ಅಣ್ಣಾರು ಹೇಳಿದಂಗ ಬಿಪಿ ಸ್ಟ್ರಿಪ್ ಮ್ಯಾಲೆ ಎಚ್ ಐತಿ! ಬ್ಯಾನಿ ಗುಳಿಗಿ ಇವತ್ತಿಂದ ಬಂದ್ ಮಾಡ್ಸಿ ನಾಳೆ ರಕ್ತಕ್ಕ ಕೊಡ್ತೀವಿ. ಟೀಚರ್ ಅಕ್ಕಾರು ಬರದದ್ದನ್ನ ಅವ್ವಗ ಓದಿ ಹೇಳಿದೆ, "ಆಕಿಗೂ ಮುಟ್ಟಿದ್ರ ನೋಯ್ತೈತಂತೇನು" ಅಂತ ಎರಡ ಸಲ ಕೇಳಿದ್ಲು.

ಆಕಿಗೆ ಮಗ್ಗದಾಗ ಕುಂಡ್ರಬೇಕಂತ ಆಸೆ ಐತಿ. ರೊಕ್ಕಕ್ಕಲ್ಲ, ಆಕಿ ಕೆಲಸ ಅದು. ತಿರುಗಿ ಕುಂಡ್ರಸಬಹುದೇನ್ರಿ? ಮತ್ತ ಬ್ಯಾನಿ ಜೋರ ಎದ್ದ ದಿನ ಏನು ಮಾಡೂದು, ಗುಳಿಗಿನೂ ಇಲ್ಲ ಅಂದ್ರ?

ಉಣಕಲ್_ಫಿಜಿಯೋ

ಕುಂಡ್ರಸ್ರಿ, ಖಂಡಿತ ಕುಂಡ್ರಸ್ರಿ. ಯಾವ ವ್ಯಾಯಾಮಕಿಂತ ಆಕಿಗೆ ಬೇಕಾದ ಕೆಲಸ ಒಳ್ಳೇದು. ಆದ್ರ ಗಡಿಯಾರ ಇಟ್ಕೊಂಡು. ಈಗ ಆಕಿಗೆ ಆರಾಮಾಗಿ ಎಷ್ಟೊತ್ತು ಕುಂಡ್ರಾಕ ಆಗ್ತೈತಿ ನೋಡ್ರಿ, ಹತ್ತು ನಿಮಿಷ ಅಂದ್ರ ಏಳು ನಿಮಿಷಕ್ಕ ಎಬ್ಬಸ್ರಿ, ಎರಡು ಸುತ್ತು ಅಡ್ಡಾಡಿಸಿ ಮತ್ತ ಕುಂಡ್ರಸ್ರಿ. ನೋವು ಬಂದಮ್ಯಾಲೆ ಏಳೂದು ರೂಢಿ ಆದ್ರ ಮಿದುಳು ಮಗ್ಗ ಅಂದ್ರ ನೋವು ಅಂತ ಕಲೀತೈತಿ. ಆರಾಮ ಇದ್ದ ದಿನಾನೂ ಜಾಸ್ತಿ ಮಾಡೂದು ಬ್ಯಾಡ, ಇವತ್ತ ಹಗರ ಐತಿ ಅಂತ ಒಂದ ಸೀರಿ ಅಂಚು ಮುಗಸಾಕ ಹೋದ್ರ ಮುಂದ ಮೂರು ದಿನ ಹಾಸಿಗಿ. ವಾರಕ್ಕ ಎರಡೆರಡು ನಿಮಿಷ ಏರಸ್ರಿ. ಕುಂಡ್ರೂ ಹಲಗಿ ಸ್ವಲ್ಪ ಎತ್ತರ ಮಾಡಿ ಮುಂದಕ್ಕ ಇಳಿಜಾರು ಕೊಟ್ರ ಟೊಂಕದ ಮ್ಯಾಲೆ ಭಾರ ಕಮ್ಮಿ ಆಗ್ತೈತಿ, ತುಳಿಯೂ ಹಲಗಿಗೆ ಎಡಗಾಲು ಪೂರಾ ಚಾಚಬೇಕಾಗ್ತೈತೇನು ಅದನ್ನೂ ನೋಡ್ರಿ, ಹಂಗಿದ್ರ ಹಗ್ಗ ಬಿಗಿ ಮಾಡಿ ಹತ್ರ ತರ್ರಿ. ಬೆಲ್ಟು ದಿನಾ ಕಟ್ಟೂದು ಸಾವಕಾಶ ಬಿಡಸ್ರಿ.

ಬ್ಯಾನಿ ಎದ್ದ ದಿನ ಪೂರಾ ಮಲಗಸಬ್ಯಾಡ್ರಿ. ಬಿಸಿನೀರಿನ ಶೇಕ, ಮಗ್ಗಲಾಗಿ ಮೊಣಕಾಲ ನಡಕ ದಿಂಬು ಇಟ್ಟು ಸ್ವಲ್ಪ ಹೊತ್ತು, ಆಮ್ಯಾಲೆ ನಡಿಗಿ ಅರ್ಧಕ್ಕ ಇಳಸ್ರಿ, ನಿಲ್ಲಸಬ್ಯಾಡ್ರಿ. ಯಾವ ಗುಳಿಗಿ ನಡೀತೈತಿ ಅನ್ನೂದು ಕ್ರಿಯಾಟಿನಿನ್ ನೋಡಿದಮ್ಯಾಲೆ ಡಾಕ್ಟರ್ ಹೇಳ್ಲಿ.

ಪೇನ್_ಪಿಜಿ

ಒಂದ ಸೇರಸ್ತೀನಿ. ಹುಬ್ಬಳ್ಳಿಗೆ ಬರೂದಾದ್ರ ಕಿಮ್ಸ್ (ಈಗ ಕೆಎಂಸಿಆರ್‌ಐ ಅಂತ ಹೆಸರು) ಇಲ್ಲಾ ಸತ್ತೂರಿನ ಎಸ್‌ಡಿಎಂ, ಎರಡೂ ಮೆಡಿಕಲ್ ಕಾಲೇಜ್ ದವಾಖಾನಿ, ಅಲ್ಲಿ ಅನಸ್ತೇಶಿಯಾ ವಿಭಾಗದಾಗ ಪೇನ್ ಓಪಿಡಿ ಯಾವ ದಿನ ಅಂತ ಮೊದ್ಲ ಕೇಳ್ಕೋರಿ. ಅದಕ್ಕಿಂತ ಮುಂಚೆ ಗದಗ ಜಿಮ್ಸ್ ಸರ್ಕಾರಿ ಮೆಡಿಕಲ್ ಕಾಲೇಜಿನಾಗೂ ಒಮ್ಮೆ ತೋರಸಬಹುದು, ರಕ್ತ ತಪಾಸಣಿ ಅಲ್ಲೇ ಆಗ್ತೈತಿ. ಬರೂವಾಗ ಎಂಆರ್‌ಐ ಫಿಲ್ಮ್, ಕ್ರಿಯಾಟಿನಿನ್ ರಿಪೋರ್ಟ್, ಇಷ್ಟ ದಿನ ತಗೊಂಡ ಎಲ್ಲಾ ಗುಳಿಗಿ ಖಾಲಿ ಸ್ಟ್ರಿಪ್ ಒಂದು ಚೀಲದಾಗ ಹಾಕ್ಕೊಂಡು ಬರ್ರಿ. ಗದಗದಿಂದ ರೈಲಿಗೆ ಬರ್ರಿ, ಬಸ್ಸಿನಾಗ ಅವ್ವಗ ಎದ್ದು ಅಡ್ಡಾಡಾಕ ಆಗಂಗಿಲ್ಲ.